ಚಕ್ರದ ಆಳ್ವಿಕೆ, ಕಂಪನದ ಪಟ್ಟಾಭಿಷೇಕ

ಕ್ರಿ.ಶ. 499ರಲ್ಲಿ, ಇಪ್ಪತ್ತಮೂರರ ತರುಣನಾಗಿದ್ದ ಆರ್ಯಭಟನು, ನಕ್ಷತ್ರಮಂಡಲ ಸ್ಥಿರವಾಗಿದೆ, ತನ್ನ ಅಕ್ಷದ ಮೇಲೆ ತಿರುಗುತ್ತಿರುವುದು ಭೂಮಿಯೇ ಎಂದು ಸಾರಿದಾಗ, ಆ ಸತ್ಯಕ್ಕೆ ಸಾಕ್ಷಿ ನುಡಿಯಬಲ್ಲ ಯಂತ್ರವೊಂದೂ ಧರಣಿಯ ಮೇಲಿರಲಿಲ್ಲ. ಬ್ರಹ್ಮಗುಪ್ತನಂಥ ಧೀಮಂತನೇ ಅದನ್ನು ಖಂಡಿಸಿದನು. ಮುಂದಿನ ವ್ಯಾಖ್ಯಾನಕಾರರಲ್ಲಿ ಕೆಲವರು ಆಚಾರ್ಯನ ಮರ್ಯಾದೆಯನ್ನು ಉಳಿಸುವ ಸಲುವಾಗಿ ಮೂಲವಾಕ್ಯಕ್ಕೇ ಬೇರೆ ಅರ್ಥ ಕಟ್ಟಿದರು. ಸಾಕ್ಷಿಗಾಗಿ ಲೋಕವು ಹದಿಮೂರು ಶತಮಾನಗಳಿಗೂ ಮಿಕ್ಕಿ ಕಾಯಬೇಕಾಯಿತು. 1851ರಲ್ಲಿ ಪ್ಯಾರಿಸಿನ ಪಾಂಥಿಯಾನ್ ಸೌಧದ ಗುಮ್ಮಟದಿಂದ ಇಳಿಬಿಟ್ಟ ಲೋಲಕದಿಂದ ಭೂಭ್ರಮಣವನ್ನು ಕಣ್ಣಿಗೆ ಕಾಣಿಸಿದ ಲಿಯಾನ್ ಫುಕೋ, ಮರುವರ್ಷವೇ ವೇಗವಾಗಿ ತಿರುಗುವ ಚಕ್ರವೊಂದನ್ನು ಸ್ವತಂತ್ರವಾದ ಕೀಲುಗಳಲ್ಲಿ ತೂಗಿ ಅದಕ್ಕೆ ಗೈರೋಸ್ಕೋಪ್ ಎಂಬ ನಾಮಕರಣ ಮಾಡಿದನು. ತಿರುಗುವ ಚಕ್ರ ತನ್ನ ದಿಕ್ಕನ್ನು ಬಿಟ್ಟುಕೊಡದು. ಪೃಥ್ವಿಯೇ ಅದರ ಸುತ್ತ ಸರಿಯುತ್ತದೆ. ಆರ್ಯಭಟನ ವಾಕ್ಯಕ್ಕೆ ಹಿತ್ತಾಳೆಯಲ್ಲಿ ಮೂಡಿದ ಪ್ರಮಾಣಪತ್ರ ಅದು. ಆ ವಾಕ್ಯಕ್ಕೂ ಆ ಯಂತ್ರಕ್ಕೂ ಏಕಕಾಲದಲ್ಲಿ ದಾಯಾದರಾದವರು ನಾವು. ಆದುದರಿಂದ ಈ ಕಥನ ಪರದೇಶದ ವಿದ್ಯೆಯೊಂದರ ವರದಿಯಲ್ಲ, ನಮ್ಮ ಮನೆತನದ ಚರಿತ್ರೆಯ ಒಂದು ಅಧ್ಯಾಯ.

ಚಕ್ರದ ಸಾಮ್ರಾಜ್ಯ ವಿಸ್ತರಿಸಿದ್ದು ಯುದ್ಧದ ನೆರಳಿನಲ್ಲಿ. ಉಕ್ಕಿನ ಹಡಗುಗಳೊಳಗೆ ಕಾಂತಸೂಚಿಯ ಮಾತು ನಂಬಿಕೆಗೆ ಅರ್ಹವಾಗಿ ಉಳಿಯದಿದ್ದಾಗ ಜರ್ಮನಿಯ ಆನ್‌ಶುಟ್ಸ್-ಕೆಂಪ್ಫೆ, ಅಮೆರಿಕದ ಎಲ್ಮರ್ ಸ್ಪೆರ್ರಿ ಎಂಬ ಇಬ್ಬರು ಪ್ರತಿಸ್ಪರ್ಧಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೈರೋ ದಿಕ್ಸೂಚಿಗಳನ್ನು ನೌಕಾಪಡೆಗಳಿಗೆ ಒಪ್ಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಿ-2 ಕ್ಷಿಪಣಿಗಳಿಗೆ ದಿಕ್ಕು ತೋರಿಸಿದ್ದು ತಿರುಗುವ ಚಕ್ರಗಳೇ. ಎಂಐಟಿಯ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್, ಚಕ್ರದ ಕೋಶವನ್ನು ದ್ರವದಲ್ಲಿ ತೇಲಿಸಿ ಘರ್ಷಣೆಯನ್ನು ನಿಗ್ರಹಿಸಿದನು. ಅವನ ಪ್ರಯೋಗಾಲಯದ ವಿದ್ಯೆಯೇ ಅಪೋಲೋ ನೌಕೆಗಳನ್ನು ಚಂದ್ರನವರೆಗೆ ನಡೆಸಿತು. ಇದು ಚಕ್ರದ ಪರಮವೈಭವದ ಕಾಲ. ಆದರೆ ಆ ವೈಭವದ ಬುಡದಲ್ಲೇ ಕ್ಷಯವೂ ಅಡಗಿತ್ತು. ತಿರುಗುವುದೆಲ್ಲವೂ ಸವೆಯುತ್ತದೆ. ಬೇರಿಂಗಿನ ಒಂದು ಕಣದ ಒರಟುತನ, ಎಣ್ಣೆಯ ಒಂದು ಹನಿಯ ಸ್ಥಾನಪಲ್ಲಟ, ಇಷ್ಟು ಸಾಕು, ದಿಕ್ಕು ತಪ್ಪುವುದಕ್ಕೆ. ಚಕ್ರದ ಆಳ್ವಿಕೆಯೆಂದರೆ ಕುಶಲಕರ್ಮಿಯ ಬೆರಳುಗಳ ಆಳ್ವಿಕೆ; ಆ ಬೆರಳುಗಳನ್ನು ಪಡೆದ ದೇಶಗಳು ಅವನ್ನು ಪಡೆಯದ ದೇಶಗಳ ಮೇಲೆ ಗಳಿಸಿಕೊಂಡ ಪ್ರಭುತ್ವ.

ಅದೇ ಕಾಲದಲ್ಲಿ, ಸಿಂಹಾಸನಕ್ಕೆ ನಿಜವಾದ ಹಕ್ಕುಳ್ಳ ರಾಜಕುಮಾರನೊಬ್ಬ ಯಾರ ಗಮನಕ್ಕೂ ಬಾರದೆ ವನವಾಸದಲ್ಲಿದ್ದನು. 1890ರಲ್ಲಿ ಜಿ. ಎಚ್. ಬ್ರಯಾನ್ ಎಂಬ ಬ್ರಿಟಿಷ್ ಗಣಿತಜ್ಞನು, ಮೊಳಗುತ್ತಿರುವ ಗಂಟೆಯನ್ನು ತಿರುಗಿಸಿದರೆ ಅದರ ನಾದಕ್ಕೆ ಏನಾಗುತ್ತದೆಂದು ವಿಚಾರಿಸಿ ಪ್ರಬಂಧವೊಂದನ್ನು ಪ್ರಕಟಿಸಿದನು. ಗಂಟೆಯನ್ನು ಬಡಿದಾಗ ಅದರ ಬಾಯಿಯ ವೃತ್ತವು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಅಂಚಿನ ನಾಲ್ಕು ಸ್ಥಾನಗಳಲ್ಲಿ ಕಂಪನ ಅತ್ಯುಚ್ಚವಾಗಿರುತ್ತದೆ, ಅವುಗಳ ನಡುವಣ ನಾಲ್ಕು ಸ್ಥಾನಗಳಲ್ಲಿ ಶೂನ್ಯಕ್ಕಿಳಿಯುತ್ತದೆ. ಗಂಟೆಯನ್ನು ತಿರುಗಿಸಿದಾಗ ಈ ವಿನ್ಯಾಸ ಲೋಹದೊಡನೆ ಪೂರ್ತಿಯಾಗಿ ತಿರುಗುವುದಿಲ್ಲ, ಆಕಾಶದಲ್ಲಿ ಪೂರ್ತಿಯಾಗಿ ನಿಲ್ಲುವುದೂ ಇಲ್ಲ. ನಿಶ್ಚಿತವಾದ ಒಂದು ಪ್ರಮಾಣದಲ್ಲಿ ಹಿಂದುಳಿಯುತ್ತದೆ. ಅರ್ಧಗೋಳಾಕಾರದ ಚಿಪ್ಪೊಂದನ್ನು 90 ಡಿಗ್ರಿ ತಿರುಗಿಸಿದರೆ ಅದರ ಮೇಲಿನ ಕಂಪನದ ಅಲೆ ಸುಮಾರು 27 ಡಿಗ್ರಿಯಷ್ಟು ಹಿಂದೆ ಬೀಳುತ್ತದೆ. ಕಂಪಿಸುವ ದ್ರವ್ಯದ ಮೇಲೆ ಭ್ರಮಣವು ಹೊರಿಸುವ ಕೊರಿಯೋಲಿಸ್ ಬಲವೇ ಇದಕ್ಕೆ ಕಾರಣ. ಈ ಅನುಪಾತ ಲೋಹದ ಜಾತಿಯನ್ನಾಗಲಿ ಬಡಿತದ ಜೋರನ್ನಾಗಲಿ ಕೇಳದು. ಅದು ಆಕಾರದ ಧರ್ಮ. ಚಕ್ರವಿಲ್ಲ, ಬೇರಿಂಗಿಲ್ಲ, ಸವೆತವಿಲ್ಲ, ಆದರೂ ಯಂತ್ರಕ್ಕೆ ಭ್ರಮಣದ ಅರಿವಿದೆ! ಪ್ರಕೃತಿ ಇದನ್ನು ಎಂದೋ ಬಲ್ಲದು: ನೊಣದ ರೆಕ್ಕೆಗಳ ಹಿಂದಿರುವ ಎರಡು ಪುಟ್ಟ ಗದೆಗಳು ಹಾರಾಟದುದ್ದಕ್ಕೂ ಕಂಪಿಸುತ್ತ, ಅದರ ದೇಹ ಯಾವ ಕಡೆಗೆ ಹೊರಳಿತೆಂದು ತಿಳಿಸುತ್ತವೆ.

ಇಷ್ಟು ಸರಳವಾದ ಸತ್ಯವೊಂದು ತೊಂಬತ್ತಕ್ಕೂ ಹೆಚ್ಚು ವರ್ಷ ರಾಜ್ಯಹೀನವಾಗಿ ಅಲೆದದ್ದೇಕೆ? ಈ ಪ್ರಶ್ನೆಯಲ್ಲಿ ಕಥನದ ಮರ್ಮವಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಸ್ಪೆರ್ರಿ ಕಂಪನಿಯವರು ಶ್ರುತಿಕವೆಯ ಮಾದರಿಯಲ್ಲಿ ಗೈರೋಟ್ರಾನ್ ಎಂಬ ಯಂತ್ರವನ್ನು ಕಟ್ಟಿ ಸಿಂಹಾಸನದ ಮೇಲೆ ದಾಳಿಯಿಟ್ಟರು, ಆದರೆ ಚಕ್ರವನ್ನು ಪದಚ್ಯುತಗೊಳಿಸಲಾರದೆ ಹೋದರು. ಭ್ರಮಣದಿಂದ ಹುಟ್ಟುವ ಸಂಕೇತ ಅತ್ಯಲ್ಪ. ನಡೆಸುವ ಕಂಪನ ಅದಕ್ಕಿಂತ ಅದೆಷ್ಟೋ ಪಟ್ಟು ದೊಡ್ಡದು. ಕವೆಯ ಎರಡು ಕೈಗಳಲ್ಲಿ ಅಣುಮಾತ್ರ ಅಸಮಾನತೆಯಿದ್ದರೂ ನಡೆಸುವ ಕಂಪನವೇ ಅಳೆಯುವ ಕಂಪನದೊಳಕ್ಕೆ ಸೋರಿ, ಇಲ್ಲದ ಭ್ರಮಣವನ್ನು ಇದೆಯೆಂದು ಸುಳ್ಳು ಸಾಕ್ಷಿ ನುಡಿಯುತ್ತದೆ. ಬಿಸಿಲೇರಿದರೆ ಆ ಸುಳ್ಳಿನ ಪ್ರಮಾಣ ಬದಲಾಗುತ್ತದೆ, ಇರುಳಾದರೆ ಮತ್ತೆ ಬದಲಾಗುತ್ತದೆ. ಸತ್ಯವನ್ನೂ ಸುಳ್ಳನ್ನೂ ಕ್ಷಣಕ್ಷಣಕ್ಕೆ ಬೇರ್ಪಡಿಸಿ ನ್ಯಾಯ ಹೇಳಬಲ್ಲ ಮಂತ್ರಿ ಆ ಕಾಲದ ನಿರ್ವಾತ ನಳಿಕೆಗಳಲ್ಲಿ, ಕಾಯಿಲುಗಳಲ್ಲಿ ಇರಲಿಲ್ಲ. ರಾಜಕುಮಾರ ಹುಟ್ಟಿದ್ದನು, ಅಮಾತ್ಯ ಇನ್ನೂ ಹುಟ್ಟಿರಲಿಲ್ಲ.

ಆ ರಾಜಕುಮಾರನ ಪಾಠಶಾಲೆಯ ಒಂದು ಮೂಲೆಗಲ್ಲು ನಮ್ಮ ಬೆಂಗಳೂರಿನಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಈ ನಗರಕ್ಕೆ ಬಂದ ಸಿ. ವಿ. ರಾಮನ್, ಮರುವರ್ಷ ತಾವೇ ಇಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಸಂಚಿಕೆಯಲ್ಲಿ ನಮ್ಮ ಚರ್ಮವಾದ್ಯಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಸಾಮಾನ್ಯವಾದ ನಗಾರಿಯ ಕಂಪನಗಳು ಒಂದಕ್ಕೊಂದು ಹೊಂದದ ಸ್ವರಗಳನ್ನು ಹೊರಡಿಸಿದರೆ, ಮೃದಂಗದ ಚರ್ಮದ ನಡುವೆ ಲೇಪಿಸಿದ ಕರಣೆಯ ಭಾರದಿಂದ ಬೇರೆ ಬೇರೆ ಕಂಪನವಿನ್ಯಾಸಗಳು ಒಂದೇ ಶ್ರುತಿಗೆ ಬಂದು ಕೂಡುತ್ತವೆಂದು ಅವರು ತೋರಿಸಿಕೊಟ್ಟರು. ಕಂಪಿಸುವ ಗೈರೋಸ್ಕೋಪಿನ ಇಡೀ ರಾಜಧರ್ಮ ಇದೇ: ಅದರ ಎರಡು ಅವಳಿ ಕಂಪನಗಳು ಏಕಶ್ರುತಿಯಲ್ಲಿರಬೇಕು. ಒಂದು ಕೂದಲೆಳೆ ಅಪಶ್ರುತಿಯಾದರೂ ಯಂತ್ರ ದಿಕ್ಕು ತಪ್ಪುತ್ತದೆ. ಹೆಸರಿಲ್ಲದ ನಮ್ಮ ಮೃದಂಗ ಕರ್ಮಿಗಳು ತಲೆಮಾರುಗಳ ಹಿಂದೆಯೇ ಕರಣೆಯನ್ನು ಪದರ ಪದರವಾಗಿ ತಿಕ್ಕಿ ಕಿವಿಯಿಂದ ಸಾಧಿಸಿದ್ದನ್ನು, ಇಂದಿನ ಕಾರ್ಯಾಗಾರಗಳು ಕಂಪಿಸುವ ಗಾಜಿನ ಅರ್ಧಗೋಳದ ಅಂಚಿನಿಂದ ದ್ರವ್ಯದ ಲೇಶವನ್ನು ಲೇಸರಿನಿಂದ ಕೆರೆದು ಸಾಧಿಸುತ್ತವೆ.

ಭ್ರಮಣದ ವಿದ್ಯೆ ನಮ್ಮ ನೆಲದಲ್ಲಿ ಬೇರೂರಿದ ಬಗೆಯನ್ನು ಕಾಣಲು ಈಗ ನಮ್ಮ ಪಶ್ಚಿಮ ಬೆಂಗಳೂರಿನ ಕಡೆಗೆ ಬರೋಣ. ಲಗ್ಗೆರೆ ಎಂದರೆ ಇಂದು ವರ್ತುಲರಸ್ತೆಯ ಮೇಲ್ಸೇತುವೆ, ಒತ್ತೊತ್ತಾದ ಮನೆಗಳು, ಪಾಳಿ ಬದಲಾಗುವ ಹೊತ್ತಿನ ಜನಪ್ರವಾಹ. ಆದರೆ 1972ರಲ್ಲಿ ಅದು ಹಳ್ಳಿ; ಅದರ ನೆರೆಯ ಪೀಣ್ಯದಲ್ಲಿ ಕೈಗಾರಿಕೆಗಳ ಬೀಜಾಂಕುರವಷ್ಟೇ ಆಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಗಿ, ಭಾರತ ತನ್ನ ಮೊದಲ ಉಪಗ್ರಹವನ್ನು ತಾನೇ ಕಟ್ಟಿಕೊಡಬೇಕೆಂದು ನಿಶ್ಚಯವಾದಾಗ, ಆ ಭಾರವನ್ನು ಹೊತ್ತವರು ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿ ಜಗದ್ವಿಖ್ಯಾತರಾದ ಪ್ರೊ. ಉಡುಪಿ ರಾಮಚಂದ್ರ ರಾವ್. ಅರಮನೆಯಂಥ ಪ್ರಯೋಗಶಾಲೆಗಳಿಗೆ ಅವರು ಕಾಯಲಿಲ್ಲ. ಪೀಣ್ಯದ ಕಲ್ನಾರು ಶೀಟು ಹೊದಿಸಿದ ಶೆಡ್ಡುಗಳಲ್ಲಿ, ಅದುವರೆಗೆ ಉಪಗ್ರಹವನ್ನು ಕಣ್ಣಾರೆ ಕಂಡೇ ಇರದ ತರುಣ ತರುಣಿಯರನ್ನು ಕೂಡಿಸಿ, ಮೂರು ವರ್ಷಗಳೊಳಗೆ 360 ಕಿಲೋಗ್ರಾಮ್ ತೂಕದ, ಇಪ್ಪತ್ತಾರು ಮುಖಗಳ ಗ್ರಹಶಿಲ್ಪವೊಂದನ್ನು ಸಿದ್ಧಪಡಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ನೆಲೆಯಿಂದ ಅದು ಕಕ್ಷೆಗೇರಿತು. ಭೂಭ್ರಮಣವನ್ನು ಸಾರಿದ ಆಚಾರ್ಯನ ಹೆಸರನ್ನೇ ಅದಕ್ಕಿಡಲಾಯಿತು. ಆ ಉಪಗ್ರಹವೂ ಆಕಾಶದಲ್ಲಿ ತನ್ನ ಅಕ್ಷದ ಸುತ್ತ ತಿರುಗಿ ಸ್ಥೈರ್ಯ ಪಡೆಯುವಂತೆ ರಚಿತವಾಗಿತ್ತು. ಎಂದರೆ 'ಆರ್ಯಭಟ'ವೇ ಇಡಿಯಾಗಿ ಒಂದು ಗೈರೋಸ್ಕೋಪ್. ವಿದ್ಯುತ್ ದೋಷದಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು, ನಿಜ. ಆದರೆ ಲಗ್ಗೆರೆಯ ಮಗ್ಗುಲಿನ ಆ ಶೆಡ್ಡುಗಳಲ್ಲಿ ಒಂದು ಜನಾಂಗ ಕಲಿತ ಧೈರ್ಯವನ್ನು ಯಾವ ದೋಷವೂ ನಂದಿಸಲಾರದಾಯಿತು. ಹಳೇಬೀಡು, ಹಂಪೆಗಳಿಗೆ ಸಲ್ಲುವ ಗೌರವ ಪೀಣ್ಯದ ಆ ಶೆಡ್ಡುಗಳಿಗೂ ಸಲ್ಲಬೇಕೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಮುಂದಿನ ಯುಗ ಸಂಖ್ಯೆಗಳದು. 1981ರ ಜೂನ್ 19ರಂದು ಏರಿದ ಆಪಲ್ ಉಪಗ್ರಹ ತಾನು ತಿರುಗದೆ ಮೂರು ಅಕ್ಷಗಳಲ್ಲಿಯೂ ನಿಶ್ಚಲವಾಗಿ ಭೂಮಿಯನ್ನು ನೋಡಿತು. 1988ರ ಐಆರ್‌ಎಸ್-1ಎ ನಮ್ಮ ನೆಲವನ್ನು ಚಿತ್ರಿಸತೊಡಗಿತು. ಹೀಗೆ ನಿಶ್ಚಲವಾಗಿ ನೋಡಬೇಕಾದ ಉಪಗ್ರಹಕ್ಕೆ ತನ್ನ ಅತ್ಯಲ್ಪ ಹೊರಳಾಟದ ಅರಿವೂ ಇರಬೇಕು. ಆದರೆ ಆ ಅರಿವಿನ ಯಂತ್ರಗಳನ್ನು ಬಲಾಢ್ಯರು ಯಾರಿಗೆಂದರೆ ಅವರಿಗೆ ಮಾರುವವರಲ್ಲ. 1987ರಲ್ಲಿ ರಚಿತವಾದ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟವು ಗೈರೋಸ್ಕೋಪುಗಳನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. 1992ರಲ್ಲಿ ಇಸ್ರೋದ ಮೇಲೆಯೇ ಅಮೆರಿಕದ ನಿರ್ಬಂಧ ಬಂತು. ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿ ಇಸ್ರೋದ ಜಡತ್ವ ವ್ಯವಸ್ಥೆಗಳ ಘಟಕವು ಚಕ್ರದ ಗೈರೋಗಳನ್ನೂ ಲೇಸರಿನ ಗೈರೋಗಳನ್ನೂ ಸ್ವದೇಶದಲ್ಲಿಯೇ ರೂಪಿಸಿದ್ದು ಈ ಮುತ್ತಿಗೆಯ ದಿನಗಳ ಪೌರುಷ. ಅದೇ ಮುತ್ತಿಗೆಯ ನಡುವೆ, 1993ರ ಸೆಪ್ಟೆಂಬರ್ 20ರಂದು, ಪಿಎಸ್‌ಎಲ್‌ವಿ ಉಡ್ಡಯನ ವಾಹನದ ಚೊಚ್ಚಲ ಯಾನ ಬಂಗಾಳ ಕೊಲ್ಲಿಯ ಪಾಲಾಯಿತು. ಎಂಜಿನುಗಳು ಉರಿದಿದ್ದವು, ಸಂವೇದಕಗಳು ನುಡಿದಿದ್ದವು. ಆದರೆ ಎರಡನೆಯ ಹಂತ ಬೇರ್ಪಡುವಾಗಿನ ಅಲುಗಾಟವನ್ನು ಸರಿಪಡಿಸಹೊರಟ ಡಿಜಿಟಲ್ ನಿಯಂತ್ರಣದಲ್ಲಿ ಒಂದು ಸಂಖ್ಯೆ ತನಗೆ ಮೀಸಲಾದ ಸ್ಥಳವನ್ನು ಮೀರಿ ಉಕ್ಕಿತು, ಆಜ್ಞೆ ತಪ್ಪಾಯಿತು. ಈ ಪರಾಜಯವನ್ನು ನಾನು ನಮ್ಮ ಚರಿತ್ರೆಯ ಮಹಾಸಂಧಿಗಳಲ್ಲಿ ಒಂದೆಂದು ಎಣಿಸುತ್ತೇನೆ. ಸಂಖ್ಯೆಯೊಂದು ಸೋತರೂ ಸಾಮ್ರಾಜ್ಯ ಬೀಳುತ್ತದೆಂಬುದನ್ನು ಅದು ಕಲಿಸಿತು. 1994ರ ಅಕ್ಟೋಬರ್ 15ರಂದು ಅದೇ ವಾಹನದ ಎರಡನೆಯ ಯಾನ ಬೆಂಗಳೂರಿನಲ್ಲಿ ಕಟ್ಟಿದ ಐಆರ್‌ಎಸ್-ಪಿ2ವನ್ನು ಕಕ್ಷೆಗೆ ಸೇರಿಸಿತು.

ಚಕ್ರಕ್ಕೂ ಕಂಪನಕ್ಕೂ ನಡುವೆ ಬೆಳಕಿನ ಆಳ್ವಿಕೆಯೊಂದು ಬಂದುಹೋಯಿತು. ಹೋಯಿತೆನ್ನುವುದು ತಪ್ಪು, ಅದರ ಪ್ರಾಂತಗಳು ಇಂದಿಗೂ ವಿಸ್ತಾರವಾಗಿವೆ. 1913ರಲ್ಲಿ ಸಾನ್ಯಾಕ್ ಎಂಬ ವಿಜ್ಞಾನಿ ಕಂಡ ತತ್ತ್ವದ ಮೇಲೆ, ಎದುರುಬದುರು ಸುತ್ತುವ ಎರಡು ಬೆಳಕುಗಳ ವ್ಯತ್ಯಾಸದಿಂದ ಭ್ರಮಣವನ್ನು ಅಳೆಯುವ ವರ್ತುಲ ಲೇಸರ್ ಗೈರೋ 1963ರಲ್ಲಿ ಅಮೆರಿಕದಲ್ಲಿ ಪ್ರತ್ಯಕ್ಷವಾಯಿತು. ಆದರೆ ಭ್ರಮಣ ಅತಿಮಂದವಾದಾಗ ಆ ಎರಡು ಬೆಳಕುಗಳು ಒಂದಕ್ಕೊಂದು ಬೆಸೆದುಕೊಂಡು ಯಂತ್ರ ಕುರುಡಾಗುತ್ತದೆ. ಆ ಬೆಸುಗೆಯನ್ನು ಬಿಡಿಸಲು ಇಡೀ ಯಂತ್ರವನ್ನೇ ಎಡೆಬಿಡದೆ ಕಂಪಿಸುವಂತೆ ಮಾಡಬೇಕಾಯಿತು. ಬೆಳಕಿನ ದೊರೆಯೂ ಕಂಪನಕ್ಕೆ ಕಪ್ಪ ಸಲ್ಲಿಸಿದನು.

ಪಟ್ಟಾಭಿಷೇಕದ ಸಿದ್ಧತೆ ನಡೆದದ್ದು ಅಮೆರಿಕದ ಡೆಲ್ಕೊ ಸಂಸ್ಥೆಯಲ್ಲಿ, ಡೇವಿಡ್ ಲಿಂಚ್ ಮತ್ತು ಅವರ ಸಂಗಡಿಗರಿಂದ. ಶುದ್ಧವಾದ ಸ್ಫಟಿಕಗಾಜಿನ ಅರ್ಧಗೋಳ, ನಡುವೆ ಒಂದು ಕಾಂಡ, ಸುತ್ತಲೂ ನಿರ್ವಾತ: ಬ್ರಯಾನನ ಗಂಟೆಯೇ ಹೊಸ ದೇಹದಲ್ಲಿ ಅವತರಿಸಿತು. ಸೆಕೆಂಡಿಗೆ ಕೆಲವು ಸಾವಿರ ಸಲ ಕಂಪಿಸುವ ಆ ಗಾಜಿಗೆ ಬಲವೂಡುವುದನ್ನು ನಿಲ್ಲಿಸಿದರೂ ಅದರ ಕಂಪನ ಹತ್ತಾರು ನಿಮಿಷ ಉಳಿಯಬಲ್ಲದು. ಗಾಜನ್ನು ಮುಟ್ಟದೆ ಸುತ್ತಲಿನ ವಿದ್ಯುದ್ವಾರಗಳೇ ಅದನ್ನು ನಡೆಸುತ್ತವೆ, ಅವೇ ಅದನ್ನು ಆಲಿಸುತ್ತವೆ. ಈ ದೊರೆಗೆ ಬೇಕಾಗಿದ್ದ ಅಮಾತ್ಯ ಸಂಖ್ಯಾಯಂತ್ರದ ರೂಪದಲ್ಲಿ ಬಂದನು. ಪರಸ್ಪರ 45 ಡಿಗ್ರಿ ಅಂತರದಲ್ಲಿರುವ ಎರಡು ಸ್ಥಾನಗಳಿಂದ ಬರುವ ಸಂಕೇತಗಳನ್ನು ಅಂಕಿಗಳಾಗಿ ಪರಿವರ್ತಿಸಿ, ಯಂತ್ರವೇ ಹುಟ್ಟಿಸಿದ ಸೈನ್ ಮತ್ತು ಕೊಸೈನ್ ಅಲೆಗಳಿಂದ ಗುಣಿಸಿ, ಶೀಘ್ರವಾಗಿ ಬದಲಾಗುವುದನ್ನು ಸೋಸಿ ತೆಗೆದರೆ ಉಳಿಯುವ ಕೆಲವೇ ಸಂಖ್ಯೆಗಳಲ್ಲಿ ಇಡೀ ಕಂಪನದ ಜಾತಕವಿರುತ್ತದೆ. ಅವುಗಳ ಆಧಾರದ ಮೇಲೆ ನಾಲ್ಕು ನಿಯಂತ್ರಣ ಕುಣಿಕೆಗಳು ಅಹರ್ನಿಶಿ ದುಡಿಯುತ್ತವೆ. ಮೊದಲನೆಯದು ಗಾಜಿನ ಸ್ವಂತ ಶ್ರುತಿಯನ್ನು ಹಿಂಬಾಲಿಸುತ್ತದೆ. ತಾಪದೊಡನೆ ಶ್ರುತಿ ಸರಿದರೆ ತಾನೂ ಸರಿಯುತ್ತದೆ. ಎರಡನೆಯದು ಕಂಪನದ ವಿಸ್ತಾರ ಕುಂದದಂತೆ ಕಾಯುತ್ತದೆ. ಮೂರನೆಯದು ಕ್ವಾಡ್ರೇಚರ್ ಎಂಬ ಕಪಟಿಯನ್ನು, ಎಂದರೆ ನಿಜವಾದ ಸಂಕೇತಕ್ಕಿಂತ ಕಾಲು ಆವರ್ತ ಆಚೀಚೆಯಾಗಿ ಬರುವ ಹುಸಿ ಕಂಪನವನ್ನು, ಅಡಗಿಸುತ್ತದೆ. ನಾಲ್ಕನೆಯದು ಭ್ರಮಣದಿಂದ ಅಲೆ ಸರಿಯಹೊರಟಾಗ ಪ್ರತಿಬಲ ಹೂಡಿ ಅದನ್ನು ಸ್ವಸ್ಥಾನದಲ್ಲಿ ನಿಲ್ಲಿಸುತ್ತದೆ; ಹೂಡಿದ ಬಲವೇ ಭ್ರಮಣದ ಅಳತೆ. ಬೇಕೆಂದಾಗ ಈ ನಾಲ್ಕನೆಯದನ್ನು ಸಡಿಲಿಸಿ, ಅಲೆಯನ್ನು ಸ್ವೇಚ್ಛೆಯಾಗಿ ಸರಿಯಲು ಬಿಟ್ಟು, ಸರಿದ ಕೋನವನ್ನೇ ನೇರವಾಗಿ ಓದಬಹುದು.

ಇಲ್ಲಿ ಕ್ಷಣಮಾತ್ರದ ವಿಳಂಬವೂ ರಾಜದ್ರೋಹ. ಸಂಕೇತವನ್ನು ಗುಣಿಸುವ ಅಲೆ ಒಂದೇ ಒಂದು ಡಿಗ್ರಿಯಷ್ಟು ಹಿಂದುಮುಂದಾದರೂ ಕ್ವಾಡ್ರೇಚರಿನ ಐವತ್ತೇಳರಲ್ಲೊಂದು ಪಾಲು ನಿಜವಾದ ಭ್ರಮಣದ ವೇಷ ಧರಿಸಿ ಒಳನುಗ್ಗುತ್ತದೆ. ಹಳೆಯ ಅನಲಾಗ್ ಮಂಡಲಗಳಲ್ಲಿ ರೆಸಿಸ್ಟರ್ ಬೆಚ್ಚಗಾದಂತೆ, ಕೆಪಾಸಿಟರ್ ಮುದಿಯಾದಂತೆ ಈ ಹೊಂದಾಣಿಕೆ ಕದಲುತ್ತಿತ್ತು. ಅಂಕಿಗೆ ಮುಪ್ಪಿಲ್ಲ. ಇಂದು ಬರೆದಿಟ್ಟ ಗುಣಾಂಕ ಇಪ್ಪತ್ತು ವರ್ಷಗಳಾಚೆಗೂ, ಶನಿಗ್ರಹದ ಸಮೀಪದಲ್ಲಿಯೂ, ಅದೇ ಗುಣಾಂಕ. 1996ರ ನಿಯರ್, 1997ರ ಕ್ಯಾಸಿನಿ ನೌಕೆಗಳಲ್ಲಿ ಈ ಗಾಜಿನ ಗೈರೋಗಳು ದೂರದ ದಂಡಯಾತ್ರೆಗೆ ಹೊರಟವು; ಕ್ಯಾಸಿನಿ 2017ರ ಸೆಪ್ಟೆಂಬರ್ 15ರಂದು ಶನಿಯ ವಾಯುಮಂಡಲದಲ್ಲಿ ಲಯವಾಗುವವರೆಗೆ ಸುಮಾರು ಇಪ್ಪತ್ತು ವರ್ಷ ಯಾನ ನಡೆಸಿತು. ಹಬಲ್ ದೂರದರ್ಶಕದ ತಿರುಗುವ ಗೈರೋಗಳು ಒಂದರ ಹಿಂದೊಂದು ಕೆಟ್ಟು, ಗಗನಯಾತ್ರಿಗಳು ಹೋಗಿ ಬದಲಿಸಬೇಕಾಗಿ ಬಂದುದನ್ನು ಕಂಡಿದ್ದ ಲೋಕವು, ಯಾರೂ ಹೋಗಲಾರದಷ್ಟು ದೂರದ ಜೇಮ್ಸ್ ವೆಬ್ ದೂರದರ್ಶಕಕ್ಕೆ 2021ರಲ್ಲಿ ಕಂಪಿಸುವ ಅರ್ಧಗೋಳಗಳನ್ನೇ ಆರಿಸಿಕೊಟ್ಟು ಕಳುಹಿಸಿತು. ಚಕ್ರದ ಪದಚ್ಯುತಿಗೆ ಇದಕ್ಕಿಂತ ಸ್ಪಷ್ಟವಾದ ಶಾಸನ ಬೇಡ.

ಗಾಜಿನ ದೊರೆ ಆಕಾಶವನ್ನಾಳಿದರೆ, ಅವನ ಕಿರಿಯ ತಮ್ಮ ಸಿಲಿಕಾನ್ ಜನಪದವನ್ನು ಗೆದ್ದನು. 1990ರ ದಶಕದ ಆರಂಭದಲ್ಲಿ ಡ್ರೇಪರ್ ಪ್ರಯೋಗಾಲಯ, ಚಕ್ರದ ವೈಭವದ ಆ ಮೂಲಪೀಠವೇ, ಸಿಲಿಕಾನಿನಲ್ಲಿ ಕೆತ್ತಿದ ಕಂಪಕವನ್ನು ಹೊರತಂದು ತನ್ನ ಹಳೆಯ ಪ್ರಭುವಿನ ಅವಸಾನಕ್ಕೆ ನಾಂದಿ ಹಾಡಿತು. 2010ರಲ್ಲಿ ಐಫೋನ್ 4ರ ಮೂಲಕ ಅದು ಜೇಬಿಗಿಳಿಯಿತು. ಅಂದಿನಿಂದ ಪೀಣ್ಯದ ಲೇತ್ ಕಾರ್ಮಿಕನ ಫೋನಿನಲ್ಲಿಯೂ, ಲಗ್ಗೆರೆಯ ವಿದ್ಯಾರ್ಥಿನಿಯ ಫೋನಿನಲ್ಲಿಯೂ ಪರಮಾಣುಗಾತ್ರಕ್ಕೆ ಸಮೀಪದ ಸರಿತಗಳನ್ನು ಅಳೆಯುವ ಕಂಪಕಗಳು ದುಡಿಯುತ್ತಿವೆ. ಕರ್ನಾಟಕ ಇದನ್ನು ಕೈಕಟ್ಟಿ ನೋಡುತ್ತ ಕೂರಲಿಲ್ಲ. ರಕ್ಷಣಾ ಸಂಶೋಧನೆಯ ಮಹಾನಿರ್ದೇಶಕರಾಗಿದ್ದ ಡಾ. ವಿ. ಕೆ. ಆತ್ರೆ ಸ್ಮಾರ್ಟ್ ದ್ರವ್ಯಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಮುನ್ನಡೆಸಿ ದೇಶದಲ್ಲಿ ಈ ಸೂಕ್ಷ್ಮಯಂತ್ರವಿದ್ಯೆಗೆ ಬುನಾದಿ ಹಾಕಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಹೋದ್ಯೋಗಿಗಳೊಡನೆ ಅವರು ಬರೆದ ಪಠ್ಯಗ್ರಂಥ ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ದಾರಿ ತೋರಿಸಿತು. ಅದೇ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಪ್ರೊ. ರುದ್ರಪ್ರತಾಪ್ ಮುಂತಾದವರು ಕಂಪನದ ಈ ಶಾಸ್ತ್ರವನ್ನು ಬೆಳೆಸಿದರು. ರಾಮನ್ನರು ಮೃದಂಗದ ಚರ್ಮದಲ್ಲಿ ಕಂಡ ಪ್ರಶ್ನೆಗಳು ಕೂದಲಿಗಿಂತ ತೆಳುವಾದ ಪೊರೆಗಳ ಮೇಲೆ ಮರಳಿ ಬಂದವು.

ಆದರೂ ಕಂಪನದ ಪ್ರಭುತ್ವ ನಿರಂಕುಶವಲ್ಲ. ಪೃಥ್ವಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ವಿಮಾನವೊಂದನ್ನು ಗಂಟೆಗಟ್ಟಲೆ ಸ್ವಂತ ಅರಿವಿನಿಂದಲೇ ನಡೆಸಬೇಕಾದರೆ ಗೈರೋಸ್ಕೋಪಿನ ಚ್ಯುತಿ ಗಂಟೆಗೆ ಡಿಗ್ರಿಯ ನೂರರಲ್ಲೊಂದು ಭಾಗದ ಆಸುಪಾಸಿನಲ್ಲಿರಬೇಕು. ಗಾಜು ಆ ಗಡಿಯನ್ನು ಎಂದೋ ದಾಟಿದೆ, ಫೋನಿನೊಳಗಿನ ಸಿಲಿಕಾನ್ ಅದರಿಂದ ಬಹುದೂರದಲ್ಲಿದೆ. ಯಾವ ಗೈರೋ ಆದರೂ ಕಾಲಕ್ರಮದಲ್ಲಿ ದಾರಿ ತಪ್ಪುವುದರಿಂದ ಉಪಗ್ರಹಗಳಲ್ಲಿ ಅದರ ಪಕ್ಕಕ್ಕೆ ನಕ್ಷತ್ರಗಳನ್ನು ಗುರುತಿಸಿ ತಿದ್ದುಪಡಿ ಹೇಳುವ ಸಂವೇದಕವೊಂದನ್ನು ಇರಿಸುತ್ತಾರೆ. ಇಸ್ರೋಗಾಗಿ ಅದನ್ನು ತಯಾರಿಸುವ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯ ನಿಂತಿರುವುದು 'ಆರ್ಯಭಟ' ರೂಪುಗೊಂಡ ಪೀಣ್ಯದ ಆ ನೆಲದಲ್ಲಿಯೇ. ಗೈರೋವಿನ ನುಡಿಯನ್ನೂ ನಕ್ಷತ್ರದ ನುಡಿಯನ್ನೂ ತೂಗಿ ತೀರ್ಪು ಕೊಡುವುದು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಗಣಿತ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಸೀಮೆಯಲ್ಲಿ ಇಸ್ರೋದ ವಿಕ್ರಮ್ ನೌಕೆ ಇಳಿದಾಗ ಅದಕ್ಕೆ ಭ್ರಮಣದ ಅರಿವು ಕೊಟ್ಟದ್ದು ಲೇಸರ್ ಗೈರೋ. ಬೆಳಕಿನ ವಂಶ ಇನ್ನೂ ಅಳಿದಿಲ್ಲ. ಅದನ್ನು ಕಂಪನ ಮೀರಬೇಕಾದರೆ ಉಳಿದಿರುವ ಸಂಗ್ರಾಮ ಕುಲುಮೆಯಲ್ಲಿ ನಡೆಯುವಂಥದಲ್ಲ. ಅಲೆಯನ್ನು ಅರ್ಧಗೋಳದ ಸುತ್ತ ಉದ್ದೇಶಪೂರ್ವಕವಾಗಿ ಸುತ್ತಿಸಿ, ಪ್ರತಿ ಕೋನದಲ್ಲಿಯೂ ಅವಳಿ ಕಂಪನಗಳು ಕ್ಷಯಿಸುವ ದರಗಳಲ್ಲಿ ಎಷ್ಟು ವ್ಯತ್ಯಾಸವಿದೆ, ತಾಪದೊಡನೆ ಅದು ಹೇಗೆ ಕದಲುತ್ತದೆ ಎಂಬುದನ್ನು ಯಂತ್ರ ತನ್ನ ಕಾಯಕದಲ್ಲಿರುವಾಗಲೇ ತಾನೇ ಅಳೆದು, ತಾನೇ ಕಳೆಯಬೇಕು. ಕಂಪನದ ಸೇನೆ ಈಗ ಮುತ್ತಿಗೆ ಹಾಕಿರುವ ಕೋಟೆ ಅದು.